ಸ್ಟುಡಿಯೊ ಮುಚ್ಚಿ ಕಲಾವಿದನಾಗಲೇ?

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಅಪ್ಪ 1982ರಲ್ಲಿ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಮದುವೆ, ಪ್ರಿ-ವೆಡ್ಡಿಂಗ್, ತೊಟ್ಟಿಲ ಕಾರ್ಯ, ಪಾಸ್‌ಪೋರ್ಟ್ ಫೋಟೊ ಎಲ್ಲ ಮಾಡುತ್ತೇನೆ. ಜೀವನಕ್ಕೆ ತೊಂದರೆ ಇಲ್ಲ. ನಾಲ್ಕು ವರ್ಷದಿಂದ ಇನ್ನೊಂದು ಕೆಲಸ ಹಿಡಿದಿದ್ದೇನೆ. ಸುತ್ತಲಿನ ಊರುಗಳಲ್ಲಿ ಬಾಗಿಲು ಹಾಕಿದ ಹಳೇ ಸ್ಟುಡಿಯೊಗಳನ್ನು ಹುಡುಕಿ, ಗಿರಾಕಿಗಳ ಹಿಂದೆ ಕಟ್ಟುತ್ತಿದ್ದ, ಬಣ್ಣದಲ್ಲಿ ಚಿತ್ರ ಬರೆದ ಪರದೆಗಳು ಅಲ್ಲಿ ಉಳಿದಿದ್ದರೆ ಅವುಗಳ ಫೋಟೊ ತೆಗೆಯುತ್ತೇನೆ. ಜೊತೆಗೆ ಅಪ್ಪ ತೆಗೆದ ನೆಗೆಟಿವ್‌ಗಳು ಹತ್ತು ಪೆಟ್ಟಿಗೆ ಇವೆ. ಅವನ್ನು ಸ್ಕ್ಯಾನ್ ಮಾಡಿ ನನ್ನ ಫೋಟೊಗಳ ಪಕ್ಕ ಇಟ್ಟು ನೋಡುತ್ತಿದ್ದೇನೆ. ಒಂದು ಪೆಟ್ಟಿಗೆ ತೆಗೆದರೆ ಹುಳಿ ವಾಸನೆ ಬರುತ್ತದೆ.

ಇದನ್ನೇ ಪೂರ್ತಿಯಾಗಿ ಮಾಡುವ ಆಸೆ. ಆದರೆ ನಾನು ಓದಿದ್ದು ಬಿ.ಕಾಂ. ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋಟೊ ಕ್ಲಬ್ಬಿನ ಹಿರಿಯರು ‘ಮೊದಲು ಸಲೋನ್‌ಗಳಿಗೆ (ಫೋಟೊ ಸ್ಪರ್ಧೆಗಳಿಗೆ) ಕಳಿಸು, ಎಎಫ್‌ಐಎಪಿ ಬಿರುದು ತಗೋ’ ಅನ್ನುತ್ತಾರೆ. ಒಂದು ಗ್ಯಾಲರಿಯವರು 80 ಸಾವಿರ ಕೊಟ್ಟರೆ ಒಂದು ವಾರ ಪ್ರದರ್ಶನ ಇಡುತ್ತೇವೆ ಅಂದಿದ್ದಾರೆ. ಗೆಳೆಯ ‘ಸ್ಟುಡಿಯೊ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಹೋಗು’ ಅನ್ನುತ್ತಾನೆ. ನದಿಯ ಒಂದು ಫೋಟೊ 20 ಕೋಟಿಗೂ ಜಾಸ್ತಿಗೆ ಮಾರಾಟವಾಗಿದ್ದನ್ನು ಓದಿದ್ದೆ. ಅದನ್ನು ಹೇಳಿದರೆ ಅಪ್ಪ ನಗುತ್ತಾರೆ. ಹೆಂಡತಿಗೆ ಈಗ ಐದು ತಿಂಗಳು. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಹದಿನೆಂಟು ಫೋಟೊಗಳನ್ನು ಮೂರು ಸಲ ನೋಡಿದೆ. ತಾಜ್ ಮಹಲ್ ಪರದೆಯ ಮುಂದೆ ಗೊಬ್ಬರದ ಚೀಲ ಪೇರಿಸಿಟ್ಟಿರುವ ಫೋಟೊ ಕಣ್ಣಿಂದ ಹೋಗುತ್ತಲೇ ಇಲ್ಲ. ಸ್ಟುಡಿಯೊ ಗೋಡೌನ್ ಆಗಿದೆ, ಪರದೆ ಮಾತ್ರ ಇಳಿದಿಲ್ಲ. ಇಳಿಸಲು ಮನಸ್ಸು ಬರಲಿಲ್ಲವೋ, ಪುರುಸೊತ್ತು ಸಿಗಲಿಲ್ಲವೋ. ಇಂಥ ಫೋಟೊ ತೆಗೆದವರಿಗೆ ಈ ಕೆಲಸ ಬರುತ್ತದೆ. ಆ ಬಗ್ಗೆ ಅನುಮಾನ ಬೇಡ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಒಳಗಿರುವುದು ಎರಡೇ ಭಯ. ಆ ಲೋಕಕ್ಕೆ ಕಾಲಿಡಲು ನನಗೆ ಅರ್ಹತೆ ಇದೆಯಾ? ಕಾಲಿಟ್ಟರೆ ಮನೆ ನಡೆಯುತ್ತದಾ? ನಾನು 22 ವರ್ಷದಿಂದ ಬೆಂಗಳೂರಿನಲ್ಲಿ ಕಲಾವಿದರಿಗೆ ಫೋಟೊ ಪ್ರಿಂಟ್ ಮಾಡಿಕೊಡುತ್ತಿದ್ದೇನೆ. ಪ್ರದರ್ಶನದ ಹಿಂದಿನ ರಾತ್ರಿಯ ಸಂಭ್ರಮವನ್ನೂ ಕಂಡಿದ್ದೇನೆ, ಒಂದೂ ಮಾರಾಟವಾಗದೆ ಫ್ರೇಮುಗಳು ವಾಪಸ್ ಬಂದ ಬೆಳಗನ್ನೂ ಕಂಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ಸ್ಟುಡಿಯೊ ಮುಚ್ಚಬೇಡಿ. ಬರೀ ಹೊಟ್ಟೆಪಾಡಿಗಾಗಿ ಈ ಮಾತು ಹೇಳುತ್ತಿಲ್ಲ. ನಿಮ್ಮ ಕಲೆ ಬೇರೂರಿರುವುದೇ ಆ ಸ್ಟುಡಿಯೊದಲ್ಲಿ.

ಮೊದಲು ಡಿಗ್ರಿಯ ವಿಷಯ ಮುಗಿಸಿಬಿಡೋಣ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಲ್ಲುವ ಕೆಲಸ ಶುರು ಮಾಡಿದ್ದು 1990ರ ದಶಕದಲ್ಲಿ, ಶಿಲ್ಪಿಯಾಗಿ ಹೆಸರು ಮಾಡಿದ ಮೇಲೆ. ಮ್ಯಾಗ್ನಮ್ ಎಂಬ ಜಗತ್ಪ್ರಸಿದ್ಧ ಫೋಟೊಗ್ರಾಫರುಗಳ ಸಂಸ್ಥೆಯ ಸದಸ್ಯತ್ವ ಪಡೆದ ಸೊಹ್ರಾಬ್ ಹುರಾ ಓದಿದ್ದು ಅರ್ಥಶಾಸ್ತ್ರ. ನಮ್ಮ ಕಾಪ್ ಶಿವ ಅವರ ಹೆಸರಲ್ಲೇ ಅವರ ಕಥೆ ಇದೆ. ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದುಕೊಂಡೇ ಅವರು ಫೋಟೊ ತೆಗೆದರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರು ತಿರುಗುವ ಹಳ್ಳಿ ಮೇಷ್ಟ್ರ ಫೋಟೊ ಸರಣಿ ಅವರದು. ಶಾಂತಿನಗರದ ‘1 ಶಾಂತಿ ರೋಡ್’ ಎಂಬ ಕಲಾವಿದರ ಮನೆಯ ಒಡನಾಟ ಅವರಿಗೆ ದೊಡ್ಡ ಆಸರೆಯಾಯಿತು. ಇವರಲ್ಲಿ ಯಾರ ಬಳಿಯೂ ಯಾರೂ ಫೋಟೊಗ್ರಫಿ ಸರ್ಟಿಫಿಕೇಟ್ ಕೇಳಲಿಲ್ಲ. ಇಂಗ್ಲಿಷ್ ಗೊತ್ತಿದ್ದರೆ ಓಡಾಟ ಸುಲಭ, ಅದು ನಿಜ. ಆದರೆ ಗೊತ್ತಿಲ್ಲ ಎಂದು ಬಾಗಿಲು ಮುಚ್ಚುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಧನಸಹಾಯ ಕೊಡುವ ಸಂಸ್ಥೆ. ಅಲ್ಲಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.

ಈಗ ಸಲೋನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಕ್ಲಬ್ಬಿನ ಹಿರಿಯರು ಕೆಟ್ಟ ಸಲಹೆ ಕೊಡುತ್ತಿಲ್ಲ. ಅವರು ಬೇರೆ ಊರಿನ ದಾರಿ ತೋರಿಸುತ್ತಿದ್ದಾರೆ, ಅಷ್ಟೆ.

ಕರ್ನಾಟಕದಲ್ಲಿ ಸಲೋನ್ ಪರಂಪರೆ ತುಂಬ ದೊಡ್ಡದು. ದೇಶದ ಫೋಟೊ ಕ್ಲಬ್ಬುಗಳ ಒಕ್ಕೂಟ 1953ರಲ್ಲಿ ಹುಟ್ಟಿದಾಗ ಅದರ ಹಿಂದೆ ಇದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. ಟಿ.ಎನ್.ಎ. ಪೆರುಮಾಳ್ ಅವರಂಥವರು ಈ ದಾರಿಯಲ್ಲೇ ಜಗತ್ತಿಗೆ ಗೊತ್ತಾದರು. 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಎಷ್ಟೋ ಜನರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದೆ. ಈ ಪರಂಪರೆಯ ಬಗ್ಗೆ ನನಗೆ ಬಹಳ ಗೌರವ ಇದೆ. ಎಎಫ್‌ಐಎಪಿ ಎಂಬುದು ಆ ಏಣಿಯ ಒಂದು ಮೆಟ್ಟಿಲು. ಒಪ್ಪಿತವಾದ ಫೋಟೊಗಳ ಲೆಕ್ಕದ ಮೇಲೆ ಸಿಗುವ ಗೌರವ ಅದು.

ಆದರೆ ಸಲೋನ್ ಕೇಳುವುದು ಒಂದು ಫೋಟೊವನ್ನು. ತೀರ್ಪುಗಾರರು ಅದನ್ನು ಕೆಲವೇ ಸೆಕೆಂಡು ನೋಡುತ್ತಾರೆ. ಬೆಳಕು, ಜೋಡಣೆ, ಕ್ಷಣ, ಎಲ್ಲ ಅದೊಂದರಲ್ಲೇ ಇರಬೇಕು. ನಿಮ್ಮ ಗೊಬ್ಬರದ ಚೀಲದ ಫೋಟೊ ಅಲ್ಲಿಗೆ ಹೋದರೆ ‘ಮುಖ್ಯ ವಸ್ತು ಯಾವುದು ಅಂತ ತಿಳಿಯುತ್ತಿಲ್ಲ, ಚೀಲಗಳು ಅಡ್ಡ ಬಂದಿವೆ’ ಅನ್ನಬಹುದು. ಆ ಲೆಕ್ಕದಲ್ಲಿ ಅದು ಸರಿ. ಸಮಕಾಲೀನ ಕಲೆಯ ಕಡೆಯವರು ಕೇಳುವುದೇ ಬೇರೆ. ಇವರು ನಾಲ್ಕು ವರ್ಷ ಇದನ್ನೇ ಯಾಕೆ ನೋಡುತ್ತಿದ್ದಾರೆ? ಹದಿನೆಂಟನೇ ಫೋಟೊ ನೋಡಿದ ಮೇಲೆ ಮೊದಲನೆಯದು ಬೇರೆಯಾಗಿ ಕಾಣುತ್ತದಾ? ಅಲ್ಲಿ ಚೀಲ ಅಡ್ಡ ಬಂದಿರುವುದೇ ವಿಷಯ.

ಛಾಯಾಗ್ರಾಹಕಿ ಗೌರಿ ಗಿಲ್ ಅವರನ್ನೇ ನೋಡಿ. ರಾಜಸ್ಥಾನದ ಮರುಭೂಮಿಯ ಹಳ್ಳಿಗಳಿಗೆ ಅವರು ಹೋಗಲು ಶುರು ಮಾಡಿದ್ದು 1999ರಲ್ಲಿ. ಅದೇ ಜನ, ಅದೇ ಮನೆಗಳು, ಹುಟ್ಟು, ಸಾವು, ಬರ, ಮಳೆ. ಆ ಕೆಲಸಕ್ಕೆ ಪ್ರಿಕ್ಸ್ ಪಿಕ್ಟೆಟ್ ಎಂಬ ಅಂತರರಾಷ್ಟ್ರೀಯ ಫೋಟೊ ಪ್ರಶಸ್ತಿ ಬಂದದ್ದು 2023ರಲ್ಲಿ. ಮೊತ್ತ ಒಂದು ಲಕ್ಷ ಸ್ವಿಸ್ ಫ್ರಾಂಕ್. ನಡುವೆ 24 ವರ್ಷ. ಇಂಥ ಕೆಲಸವನ್ನು ಅಂಕದಲ್ಲಿ ಅಳೆಯುವ ಸಲೋನ್ ಎಲ್ಲಿದೆ ಹೇಳಿ.

ಸಲೋನ್‌ಗೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಬೇರೆ ಫೋಟೊಗಳನ್ನು ಕಳಿಸಿ, ಸಂತೋಷಪಡಿ. ಆದರೆ ಪ್ರತಿ ಸಲವೂ ಪ್ರವೇಶ ಶುಲ್ಕ ಇದೆ, ಸಮಯ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಂಕ ಬರುವಂತೆ ನೋಡುವುದು ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ. ನನ್ನ ಬಳಿ ಬರುವವರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದೊಂದು ಫೋಟೊವೂ ಥಳಥಳ ಹೊಳೆಯುತ್ತದೆ, ಇಪ್ಪತ್ತು ಸೇರಿಸಿದರೆ ಏನೂ ಆಗುವುದಿಲ್ಲ. ಪರದೆಯ ಸರಣಿಯನ್ನು ಮಾತ್ರ ಅದರಿಂದ ದೂರ ಇಡಿ.

ಒಂದು ಮಾತು ನಿಮಗೆ ಕಹಿ ಅನ್ನಿಸಬಹುದು. ಈ ವಿಷಯವನ್ನು ನಿಮಗಿಂತ ಮುಂಚೆ ಬೇರೆಯವರು ಮುಟ್ಟಿದ್ದಾರೆ. ಮುಂಬೈನ ಕೇತಕಿ ಶೇಠ್ ಅವರು ದೇಶದ ಹಲವು ಊರುಗಳ ಹಳೇ ಸ್ಟುಡಿಯೊಗಳಿಗೆ ಹೋಗಿ ಅಲ್ಲಿನ ಪರದೆ, ಕುರ್ಚಿ, ಗೋಡೆ, ಜನರನ್ನು ಬಣ್ಣದಲ್ಲಿ ತೆಗೆದರು. 2018ರಲ್ಲಿ ಅದು ಪುಸ್ತಕವಾಗಿ ಬಂತು. ಗೌರಿ ಗಿಲ್ 2003ರಲ್ಲಿ ರಾಜಸ್ಥಾನದ ಲೂಣಕರಣಸರದ ಬಾಲಿಕಾ ಮೇಳದಲ್ಲಿ ಒಂದು ಡೇರೆ ಹಾಕಿ ಅದನ್ನೇ ಸ್ಟುಡಿಯೊ ಮಾಡಿದರು. ಹುಡುಗಿಯರು ತಮಗೆ ಬೇಕಾದ ಹಾಗೆ ನಿಂತು ಫೋಟೊ ತೆಗೆಸಿಕೊಂಡರು. ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಜೋಡಿಸುವ ಯಾವುದೇ ಕ್ಯುರೇಟರ್ ಮುಂದೆ ನೀವು ಕೂತರೂ ಅವರು ಮೊದಲು ಕೇಳುವುದು ಇವನ್ನೇ. ‘ನೋಡಿಲ್ಲ’ ಅಂದರೆ ಮಾತು ಅಲ್ಲಿಗೇ ನಿಂತುಬಿಡಬಹುದು. ಹೇಗಾದರೂ ಮಾಡಿ ನೋಡಿ.

ನೋಡಿದ ಮೇಲೆ ಎದೆಗುಂದಬೇಡಿ. ಅವರು ಸ್ಟುಡಿಯೊಗಳಿಗೆ ಹೊರಗಿನಿಂದ ಹೋದವರು. ನೀವು ಆ ಪರದೆಯ ಮುಂದೆ ಮೊಣಕಾಲೂರಿ ಕೂತು ಮಕ್ಕಳನ್ನು ನಗಿಸಿದವರ ಮಗ. ಇವತ್ತಿಗೂ ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರ ಕಾಲರ್ ಸರಿಮಾಡುವವರು. ಆ ಸ್ಟುಡಿಯೊಗಳ ಹಳೇ ಮಾಲೀಕರು ನಿಮ್ಮನ್ನು ‘ಇಂಥವರ ಮಗ’ ಅಂತ ಗುರುತಿಸಿ ಚಹಾ ಕೊಡುತ್ತಾರೆ. ಹೊರಗಿನವರಿಗೆ ತೆರೆಯದ ಬೀರು ನಿಮಗೆ ತೆರೆಯುತ್ತದೆ. ನಾಳೆ ನೀವು ಸ್ಟುಡಿಯೊ ಬಾಡಿಗೆಗೆ ಕೊಟ್ಟು ಬೆಂಗಳೂರು ಸೇರಿದರೆ ನೀವೂ ಹೊರಗಿನವರೇ. ಮುಚ್ಚಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಈಗ ಅಪ್ಪನ ನೆಗೆಟಿವ್‌ಗಳ ವಿಷಯ. ನಿಮ್ಮ ಪತ್ರದಲ್ಲಿ ಇದಕ್ಕೆ ಎರಡು ಮೂರು ಸಾಲು ಮಾತ್ರ ಇದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಭಯವೂ ಇಲ್ಲೇ ಜಾಸ್ತಿ.

‘ನಮ್ಮ ನೆಗೆಟಿವ್, ನಮ್ಮ ಫೋಟೊ’ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ನಂಬಿರುವ ಮಾತು. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ತಮಗಾಗಿ ಫೋಟೊ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕಾಪಿರೈಟ್‌ನ ಮೊದಲ ಒಡೆಯರು ತೆಗೆಸಿಕೊಂಡವರೇ. ಅಂದರೆ ನೆಗೆಟಿವ್ ನಿಮ್ಮ ಪೆಟ್ಟಿಗೆಯಲ್ಲಿದೆ, ಆದರೆ ಆ ಚಿತ್ರವನ್ನು ಪ್ರಕಟಿಸುವ, ಪ್ರತಿ ತೆಗೆದು ಮಾರುವ ಹಕ್ಕು 1985ರಲ್ಲಿ ದುಡ್ಡು ಕೊಟ್ಟು ಮದುವೆ ಫೋಟೊ ತೆಗೆಸಿದ ಮನೆಯವರದು. ನೀವು ಈಗ ಮಾಡುವ ಮದುವೆಗಳಿಗೂ ಇದೇ ನಿಯಮ. ಪರದೆಗಳ ಫೋಟೊ ನೀವು ನಿಮಗಾಗಿ ತೆಗೆದದ್ದು, ಅದು ನಿಮ್ಮದೇ.

ಅದಕ್ಕೇ ಇನ್ನು ಮೇಲೆ ಬುಕಿಂಗ್ ಫಾರ್ಮಿನಲ್ಲಿ ಎರಡು ಸಾಲು ಸೇರಿಸಿ. ಕಾಪಿರೈಟ್ ಯಾರದು, ಪ್ರದರ್ಶನಕ್ಕೆ ಅಥವಾ ಪುಸ್ತಕಕ್ಕೆ ಬಳಸಬಹುದೇ ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿಸಿ. ಬೇಡ ಅಂದವರಿಗೆ ಬೇಡ. ಹಳೇ ನೆಗೆಟಿವ್‌ಗಳಿಗೆ ಮನೆಮನೆಗೆ ಹೋಗುವುದೊಂದೇ ದಾರಿ. ದೊಡ್ಡ ಪ್ರದರ್ಶನ ಅಥವಾ ಪುಸ್ತಕ ಅಂತಾದರೆ ವಕೀಲರನ್ನೂ ಒಮ್ಮೆ ಕೇಳಿ.

ಕಾನೂನಿಗಿಂತ ನನ್ನನ್ನು ಕಾಡುವುದು ಇನ್ನೊಂದು. ಕೆಲವು ವರ್ಷದ ಹಿಂದೆ ನಾನೇ ಪ್ರಿಂಟ್ ಮಾಡಿಕೊಟ್ಟ ಒಂದು ಪ್ರದರ್ಶನದಲ್ಲಿ ಹಳೇ ಸ್ಟುಡಿಯೊವೊಂದರ ಫೋಟೊಗಳಿದ್ದವು. ಉದ್ಘಾಟನೆಯ ಮರುದಿನ ಒಬ್ಬರು ಬಂದು ಒಂದು ಫೋಟೊ ಮುಂದೆ ತುಂಬ ಹೊತ್ತು ನಿಂತರು. ಅದು ಅವರ ಅಕ್ಕ. ಆ ಮದುವೆ ಮುರಿದು, ಅವರು ಬಹಳ ಕಷ್ಟಪಟ್ಟು ತೀರಿಕೊಂಡಿದ್ದರು. ಮನೆಯಲ್ಲಿ ಆ ಫೋಟೊ ಒಂದೂ ಉಳಿಸಿಕೊಂಡಿರಲಿಲ್ಲ. ಅವರು ಜಗಳ ಮಾಡಲಿಲ್ಲ, ‘ಇದನ್ನು ತೆಗೀರಿ’ ಅಂದರು ಅಷ್ಟೆ. ಅವತ್ತೇ ತೆಗೆದೆವು. ಅಷ್ಟು ಚೆಂದದ ಪ್ರಿಂಟ್ ಎಂದು ನಾನು ಹೆಮ್ಮೆಪಟ್ಟಿದ್ದ ಫೋಟೊ ಅದು. ಆಮೇಲೆ ಯಾರದೇ ಹಳೇ ಮುಖ ಪ್ರಿಂಟಿಗೆ ಬಂದರೂ ‘ಇವರ ಮನೆಯವರನ್ನು ಕೇಳಿದ್ದೀರಾ?’ ಎಂದು ಕೇಳದೆ ಮಷಿನ್‌ಗೆ ಕಾಗದ ಹಾಕುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಆಫ್ರಿಕಾದ ಮಾಲಿ ದೇಶದ ಬಮಾಕೊ ಊರಿನಲ್ಲಿ ಸೈದು ಕೇಯ್ಟಾ 1948ರಲ್ಲಿ ಸ್ಟುಡಿಯೊ ತೆರೆದರು. ಪರದೆಗೆ ಮಂಚದ ಮೇಲಿನ ಹೂವಿನ ಚಾದರವನ್ನೇ ಕಟ್ಟುತ್ತಿದ್ದರು. ಗಿರಾಕಿಗಳಿಗಾಗಿ ತೆಗೆದ ಆ ಫೋಟೊಗಳಲ್ಲಿ ಕೆಲವು 1991ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಬಂದಾಗ ಅವುಗಳ ಕೆಳಗೆ ‘ಛಾಯಾಗ್ರಾಹಕ ಯಾರೆಂದು ತಿಳಿದಿಲ್ಲ’ ಎಂದಿತ್ತು. ಹೆಸರು ಪತ್ತೆಯಾಗಿ, 1994ರಲ್ಲಿ ಪ್ಯಾರಿಸ್‌ನಲ್ಲಿ ಅವರದೇ ಪ್ರದರ್ಶನ ಆಯಿತು. ಅವರು 2001ರಲ್ಲಿ ತೀರಿಕೊಂಡ ಮೇಲೆ ನೆಗೆಟಿವ್‌ಗಳು ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಕೋರ್ಟಿನವರೆಗೆ ಹೋಯಿತು. ಅದೇ ಊರಿನ ಇನ್ನೊಬ್ಬ ಸ್ಟುಡಿಯೊ ಮಾಲೀಕ ಮಲಿಕ್ ಸಿದಿಬೆ ಅವರಿಗೆ 2007ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದ ಜೀವಮಾನ ಸಾಧನೆಯ ಚಿನ್ನದ ಸಿಂಹ ಪ್ರಶಸ್ತಿ ಬಂತು. ಫೋಟೊಗ್ರಾಫರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ನಮ್ಮಲ್ಲೂ ಮಧ್ಯಪ್ರದೇಶದ ನಾಗದಾ ಎಂಬ ಸಣ್ಣ ಊರಿನ ಸುಹಾಗ್ ಸ್ಟುಡಿಯೊದ ಸುರೇಶ್ ಪಂಜಾಬಿ ಅವರ ಫೋಟೊಗಳನ್ನು ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಜಗತ್ತಿಗೆ ತೋರಿಸಿದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಸರಣಿಯಲ್ಲಿ ಇಬ್ಬರು ಕಲಾವಿದರಿದ್ದಾರೆ. ಅಪ್ಪನ ಹೆಸರೂ ನಿಮ್ಮ ಹೆಸರೂ ಒಟ್ಟಿಗೆ ಬರಬೇಕು. ಅವರು ನಗುತ್ತಾರೆ ಅಂದಿರಲ್ವಾ, ನಗಲಿ. ಸಂಜೆ ಹೊತ್ತು ಒಂದೊಂದೇ ಸ್ಕ್ಯಾನ್ ತೋರಿಸಿ ‘ಇವರು ಯಾರು?’ ಅಂತ ಕೇಳಿ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಹೆಸರು, ಓಣಿ, ಅಂದಾಜು ವರ್ಷ, ಪರದೆ ಬರೆದವರು ಯಾರು, ಎಷ್ಟು ಕೊಟ್ಟಿದ್ದರು. ಆ ಪರದೆ ಕಲಾವಿದರ ಹೆಸರುಗಳು ಎಲ್ಲೂ ಬರೆದಿಟ್ಟಿಲ್ಲ. ಅಪ್ಪನ ನೆನಪಲ್ಲಿ ಮಾತ್ರ ಇವೆ. ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಕ್ಯಾಮೆರಾ ಬೇಕಿಲ್ಲ, ಆ ಹೆಸರುಗಳು ಬೇಕು.

ಇನ್ನು ದುಡ್ಡು. ನೀವು ಓದಿದ ನದಿಯ ಫೋಟೊ ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ಮಾಡಿದ ರೈನ್ ನದಿಯ ಚಿತ್ರ. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರ್‌ಗೆ ಹೋಯಿತು. ಆ ಹಣ ಬಂದದ್ದು ಹಿಂದೆ ಅದನ್ನು ಕೊಂಡಿಟ್ಟುಕೊಂಡಿದ್ದವರಿಗೆ. ಹರಾಜಿನ ಬೆಲೆ ಕಲಾವಿದರ ಸಂಪಾದನೆ ಆಗುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮರುಮಾರಾಟದ ಪಾಲಿನ ಸೆಕ್ಷನ್ ಒಂದಿದೆ, ಆದರೆ ಅದು ಹೇಳುವುದು ಚಿತ್ರ, ಶಿಲ್ಪ, ರೇಖಾಚಿತ್ರ, ಹಸ್ತಪ್ರತಿಗಳ ಬಗ್ಗೆ. ಫೋಟೊ ಆ ಪಟ್ಟಿಯಲ್ಲಿ ಇಲ್ಲ.

ನಿಮ್ಮ ಮಟ್ಟದಲ್ಲಿ ಲೆಕ್ಕ ಹೇಗಿರುತ್ತದೆ ನೋಡಿ. ಒಂದು ಫೋಟೊ 30 ಸಾವಿರಕ್ಕೆ ಮಾರಾಟವಾಯಿತು ಅಂದುಕೊಳ್ಳಿ. ಗ್ಯಾಲರಿ ಸಾಮಾನ್ಯವಾಗಿ ಅರ್ಧ ಇಟ್ಟುಕೊಳ್ಳುತ್ತದೆ. ಉಳಿದ 15 ಸಾವಿರದಲ್ಲಿ ಪ್ರಿಂಟು, ಫ್ರೇಮು, ಸಾಗಾಟಕ್ಕೆ 8 ಸಾವಿರ ಹೋದರೆ ಕೈಗೆ ಸಿಗುವುದು 7 ಸಾವಿರ. ನಿಮ್ಮ ಒಂದು ಮದುವೆಯ ಮುಂಗಡ ಇದಕ್ಕಿಂತ ಜಾಸ್ತಿ ಇರುತ್ತದೆ. ಹೆಸರು ಮಾಡಿದ ಬಹಳ ಜನ ಕಲಾ ಛಾಯಾಗ್ರಾಹಕರು ಪಾಠ ಮಾಡುತ್ತಾರೆ, ಪತ್ರಿಕೆ-ಕಂಪನಿಗಳ ಕೆಲಸ ಮಾಡುತ್ತಾರೆ. 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಎಂಬ ದೊಡ್ಡ ಫೋಟೊ ಪ್ರಶಸ್ತಿ ಪಡೆದ ದಯಾನಿತಾ ಸಿಂಗ್ ಕೂಡ ಶುರುವಿನ ವರ್ಷಗಳಲ್ಲಿ ವಿದೇಶಿ ಪತ್ರಿಕೆಗಳಿಗೆ ಸುದ್ದಿಚಿತ್ರ ತೆಗೆದವರೇ. ನಿಮಗೆ ಮದುವೆ ಇದೆ. ಅದನ್ನು ಕೀಳೆಂದು ನೋಡಬೇಡಿ. ನಿಮ್ಮ ಸರಣಿಗೆ ನೀವೇ ಕೊಟ್ಟುಕೊಳ್ಳುವ ಗ್ರಾಂಟ್ ಅದು.

ಪ್ರಿಂಟ್ ಮಾರುವುದಾದರೆ ಕೆಲವು ಶಿಸ್ತು ಮೊದಲ ದಿನದಿಂದ ಬೇಕು. ಒಂದು ಅಳತೆಯಲ್ಲಿ ಎಷ್ಟು ಪ್ರತಿ ಎಂದು ಮೊದಲೇ ನಿರ್ಧರಿಸಿ. ಐದು ಪ್ರತಿ, ಜೊತೆಗೆ ಕಲಾವಿದರ ಪ್ರತಿ ಎರಡು ಎಂಬುದು ರೂಢಿಯಲ್ಲಿದೆ. ಇದನ್ನೇ ಎಡಿಷನ್ ಅನ್ನುತ್ತಾರೆ. ಐದು ಅಂದ ಮೇಲೆ ಆರನೆಯದನ್ನು ದೇವರು ಕೇಳಿದರೂ ಕೊಡುವಂತಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಪ್ರತಿ ಯಾರಿಗೆ, ಯಾವಾಗ, ಎಷ್ಟಕ್ಕೆ ಎಂದು ಬರೆದಿಡಿ. ಬೆಲೆ ನಿಧಾನಕ್ಕೆ ಏರಬೇಕು, ಇಳಿಯಬಾರದು. ಕೊಂಡವರಿಗೆ ಅದು ಮೋಸವಾಗುತ್ತದೆ. ಕಾಗದ ಹತ್ತಿಯದ್ದಿರಲಿ, ಇಂಕ್ ಪಿಗ್ಮೆಂಟ್‌ನದ್ದಿರಲಿ. ಆಲ್ಬಂ ಲ್ಯಾಬಿನಲ್ಲಿ ಮಾಡಿಸಿದ ಹೊಳಪು ಪ್ರಿಂಟ್ ಗೋಡೆಯ ಬೆಳಕಿಗೆ ಬಣ್ಣ ಬಿಡುತ್ತದೆ.

80 ಸಾವಿರದ ಗ್ಯಾಲರಿಗೆ ಬರುತ್ತೇನೆ. ಜಾಗ ಬಾಡಿಗೆಗೆ ಪಡೆಯುವುದು ತಪ್ಪೇನಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ಬಾಡಿಗೆ ಕಟ್ಟಿ ಪ್ರದರ್ಶನ ಮಾಡಿದ ಒಳ್ಳೇ ಕಲಾವಿದರು ಎಷ್ಟೋ ಜನ ಇದ್ದಾರೆ. ಆದರೆ ಅದು ಬಾಡಿಗೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ‘ನಿಮ್ಮನ್ನು ಆಯ್ಕೆ ಮಾಡಿದ್ದೇವೆ’ ಎಂದು ಹೊಗಳಿ ಹಣ ಕೇಳುವವರ ಲೆಕ್ಕ ಬೇರೆ. ಕಲಾವಿದರ ಮೇಲೆ ನಂಬಿಕೆ ಇಟ್ಟ ಗ್ಯಾಲರಿ ತನ್ನ ಹಣ ಹಾಕಿ, ಮಾರಿ, ಅದರಲ್ಲಿ ಪಾಲು ತೆಗೆದುಕೊಳ್ಳುತ್ತದೆ. ನಿಮ್ಮಿಂದ ಮೊದಲೇ 80 ಸಾವಿರ ಬಂದರೆ ಅವರ ವ್ಯಾಪಾರ ಅವತ್ತೇ ಮುಗಿಯಿತು. ಫೋಟೊ ಮಾರುವ ಚಿಂತೆ ಅವರಿಗೇಕೆ? ಅವರನ್ನು ಮೂರು ಪ್ರಶ್ನೆ ಕೇಳಿ: ಹೋದ ವರ್ಷ ಯಾರ ಎಷ್ಟು ಕೃತಿ ಮಾರಿದ್ದೀರಿ, ಯಾವ ಕ್ಯುರೇಟರ್ ನೋಡಲು ಬರುತ್ತಾರೆ, ಒಪ್ಪಂದವನ್ನು ಬರೆದು ಕೊಡುತ್ತೀರಾ? ನೇರ ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಬನ್ನಿ. ಈಗ ಆ ಹಣದ ಅಗತ್ಯ ಹೆಂಡತಿಗೂ ಬರುವ ಮಗುವಿಗೂ ಇದೆ.

ಹಾಗಾದರೆ ದಾರಿ ಯಾವುದು? ಬೆಂಗಳೂರಿಗೆ ಮನೆ ಬದಲಾಯಿಸಿದರೆ ಒಳ್ಳೇ ಒಡನಾಟ ಸಿಗುತ್ತದೆ, ನಿಜ. ಆದರೆ ಬಾಡಿಗೆಗೆ ದುಡಿಯುವುದರಲ್ಲೇ ದಿನ ಹೋಗುತ್ತದೆ. ಹಾಗೆ ಬಂದು, ಎರಡು ವರ್ಷ ಬೇರೆಯವರ ಮದುವೆ ಟೀಮಿನಲ್ಲಿ ಕೆಲಸ ಮಾಡಿ, ಒಂದೂ ಸ್ವಂತ ಫೋಟೊ ತೆಗೆಯದೆ ವಾಪಸ್ ಹೋದ ಹುಡುಗರನ್ನು ಬಲ್ಲೆ. ದುಡ್ಡು ಸುರಿದು ಕೋರ್ಸ್ ಸೇರುವುದು ಈ ವರ್ಷವಂತೂ ಬೇಡ.

ನನ್ನ ಮನಸ್ಸಿಗೆ ಬರುವುದು ಮೂರನೆಯ ದಾರಿ. ಊರಲ್ಲೇ ಇರಿ. ಮದುವೆಯ ಸೀಸನ್ನಿನಲ್ಲಿ ಮದುವೆ ಮಾಡಿ. ಆಷಾಢದಲ್ಲಿ ಹೇಗೂ ಲಗ್ನ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ವರ್ಷಕ್ಕೆ ಎರಡು ತಿಂಗಳು ಪಂಚಾಂಗವೇ ನಿಮಗೆ ರಜೆ ಕೊಟ್ಟಿದೆ. ಅವೆರಡನ್ನೂ ಪ್ರಿ-ವೆಡ್ಡಿಂಗ್‌ಗೆ ಬಿಟ್ಟುಕೊಡದೆ ಸರಣಿಗೆ ಮೀಸಲಿಡಿ. ಈ ದಾರಿಗೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ದಣಿವು ಬರುತ್ತದೆ. ಮದುವೆಯ ಕಣ್ಣು ಸರಣಿಯೊಳಗೆ ನುಸುಳುತ್ತದೆ. ನೀವು ಕಳಿಸಿದ ಏಳನೇ ಫೋಟೊದಲ್ಲಿ ಬಣ್ಣ ಹೆಚ್ಚಿಸಿ ಹಿನ್ನೆಲೆ ಮಸುಕು ಮಾಡಿದ್ದೀರಲ್ಲ, ಅದು ಆಲ್ಬಂ ಕೈಚಳಕ. ತೆಗೆದುಬಿಡಿ. ಮತ್ತೆ ಹತ್ತು ವರ್ಷ ಯಾರೂ ಗಮನಿಸದೆ ಹೋಗಬಹುದು. ಆ ಹತ್ತು ವರ್ಷವೂ ಈ ಪರದೆಗಳನ್ನು ನೋಡುವ ಆಸೆ ನಿಮಗೆ ಇರುತ್ತದಾ ಎಂಬುದನ್ನು ನೀವೇ ಹೇಳಬೇಕು.

ಮೊದಲ ಆಷಾಢಕ್ಕೆ ಕೆಲಸ ಇಷ್ಟು ಸಾಕು. ಇದುವರೆಗಿನ ಎಲ್ಲ ಫೋಟೊಗಳನ್ನೂ ಅಂಚೆಕಾರ್ಡ್ ಗಾತ್ರದಲ್ಲಿ ಅಗ್ಗದ ಪ್ರಿಂಟ್ ಹಾಕಿಸಿ. ಸ್ಟುಡಿಯೊ ನೆಲದ ಮೇಲೆ ಹರಡಿ. ವಾರಗಟ್ಟಲೆ ಹಾಗೇ ಇರಲಿ, ಜಾಗ ಬದಲಾಯಿಸುತ್ತಾ ಇರಿ. ಹದಿನೈದಕ್ಕೆ ಇಳಿಸಿ. ತೆಗೆಯಲು ಕಷ್ಟಪಟ್ಟ ಫೋಟೊ ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಡಿ. ಆಮೇಲೆ ಇದನ್ನು ಯಾಕೆ ಮಾಡುತ್ತಿದ್ದೀರಿ ಎಂದು ಇನ್ನೂರು ಪದ ಬರೆಯಿರಿ, ಕನ್ನಡದಲ್ಲಿ. ‘ಅಸ್ಮಿತೆ’, ‘ಕಾಲಾತೀತ’ ಇಂಥ ದೊಡ್ಡ ಮಾತು ಬೇಡ. ನನಗೆ ಪತ್ರ ಬರೆದ ಹಾಗೇ ಬರೆಯಿರಿ. ಅನುವಾದ ಮಾಡಿಕೊಡಲು ಜನ ಸಿಗುತ್ತಾರೆ.

ನಂತರ ಹೊರಗೆ ತೋರಿಸಿ. ಬೆಂಗಳೂರಿಗೆ ಬಂದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ಒಂದು ಪೂರ್ತಿ ದಿನ ಕಳೆಯಿರಿ. ಡಿಸೆಂಬರ್‌ನಲ್ಲಿ ಪಣಜಿಯಲ್ಲಿ ಸೆರೆಂಡಿಪಿಟಿ ಕಲಾ ಉತ್ಸವ ನಡೆಯುತ್ತದೆ. ನಿಮ್ಮ ಊರಿಗೆ ಬೆಂಗಳೂರಿಗಿಂತ ಪಣಜಿಯೇ ಹತ್ತಿರ. ಚೆನ್ನೈ ಫೋಟೊ ಬಿನಾಲೆ, ಹೈದರಾಬಾದಿನ ಇಂಡಿಯನ್ ಫೋಟೊ ಫೆಸ್ಟಿವಲ್ ಇವು ಫೋಟೊ ಕಳಿಸಿ ಎಂದು ಕೊಡುವ ಆಹ್ವಾನಗಳ ಮೇಲೆ ಕಣ್ಣಿಡಿ. ಹತ್ತು ಕಡೆ ಕಳಿಸಿದರೆ ಒಂಬತ್ತು ಕಡೆಯಿಂದ ಉತ್ತರವೇ ಬರುವುದಿಲ್ಲ. ಎಲ್ಲರಿಗೂ ಹಾಗೇ.

ಮೊದಲ ಪ್ರದರ್ಶನ ಎಲ್ಲಿ ಎಂದು ಕೇಳಿದರೆ ನಿಮ್ಮ ಸ್ಟುಡಿಯೊದಲ್ಲೇ ಅನ್ನುತ್ತೇನೆ. ಒಪ್ಪಿಗೆ ಕೊಟ್ಟ ಮನೆಯವರ ಹಳೇ ಫೋಟೊಗಳು, ಪಕ್ಕದಲ್ಲಿ ಖಾಲಿ ಪರದೆಗಳು. ಸಂತೆಯ ದಿನ ಬಾಗಿಲು ತೆರೆದಿಡಿ. ಅಪ್ಪ ಅಲ್ಲೇ ಕುರ್ಚಿ ಹಾಕಿ ಕೂತಿರಲಿ.

ಇದಕ್ಕೆಲ್ಲ ಸಮಯ ಇದೆ. ಹೆರಿಗೆ ಆಗಲಿ, ಮಗು ಸ್ವಲ್ಪ ದೊಡ್ಡದಾಗಲಿ, ಪರದೆಗಳು ಕಾಯುತ್ತವೆ. ಆ ಹುಳಿ ವಾಸನೆಯ ಪೆಟ್ಟಿಗೆ ಮಾತ್ರ ಕಾಯುವುದಿಲ್ಲ. ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾದಾಗ ಬರುವ ವಾಸನೆ ಅದು. ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದ ಒಳ್ಳೇ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಆಮೇಲೆ ಫಿಲ್ಮ್ ಮುದುಡಿ, ಮೇಲಿನ ಪದರ ಬಿರಿದು, ಚಿತ್ರ ಹೋಗಿಬಿಡುತ್ತದೆ. ಹೋದದ್ದನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ. ನಾಳೆಯೇ ಆ ಪೆಟ್ಟಿಗೆಯನ್ನು ಬೇರೆ ಕೋಣೆಗೆ ಸಾಗಿಸಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ. ತಂಪಾದ, ಒಣಗಿದ, ಗಾಳಿಯಾಡುವ ಜಾಗ ಇರಲಿ. ಸ್ಕ್ಯಾನ್ ಮಾಡುವುದನ್ನು ಅದರಿಂದಲೇ ಶುರು ಮಾಡಿ.